ಒಂದು ಮೂಟೆಗೆ ಒಂದೇ ಹೂಂ

ಗಂಡ: ವೈರಿನ ತಪ್ಪಲ್ಲ ಕಣೇ. ಹಳೇದನ್ನ ಕಿತ್ತು ಬೆರಳು ದಪ್ಪದ್ದು ಹಾಕಿಸಿದ್ದೀನಿ. ಇನ್ನೇನು, ನೀರಿನ ಪೈಪ್ ಹಾಕಿಸ್ಲಾ?

ಹೆಂಡತಿ: ದಪ್ಪ ಇದ್ದ ಮಾತ್ರಕ್ಕೆ ಜೋರಾಗಿ ಓಡುತ್ತೆ ಅಂತ ಯಾರು ಹೇಳಿದ್ರು? ನಿಮ್ಮನ್ನೇ ನೋಡ್ಕೊಳ್ಳಿ.

ಇದೊಂದು ಫೋಟೋ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ. ತೆಗೆದ ಫೋಟೋಗಳೆಲ್ಲ ಹೋಗಿ ಸೇರುವ ಸ್ಟೋರೇಜ್ ಪೆಟ್ಟಿಗೆ ಒಳಕೋಣೆಯ ಬೀರುವಿನ ಮೇಲಿದೆ. ಅವನ್ನು ತಿದ್ದಿ ಗಿರಾಕಿಗೆ ಕೊಡುವ ಕಂಪ್ಯೂಟರ್ ಅಂಗಡಿಯಲ್ಲಿದೆ. ಎರಡರ ನಡುವೆ ಒಂದು ವೈರು ಮತ್ತು ಒಂದು ಸಂಸಾರ. ಕ್ಯಾಮೆರಾ ಹಿಡಿಯುವುದು ಗಂಡ, ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋಯಿಸಿಕೊಳ್ಳುವುದು ಹೆಂಡತಿ. ಒಂದು ಮದುವೆಗಾದರೂ ತಾನು ಕ್ಯಾಮೆರಾ ಹಿಡಿಯಬೇಕೆಂದು ಅವಳು ಕೇಳುತ್ತಲೇ ಇದ್ದಾಳೆ. "ನೋಡೋಣ" ಎಂದು ಅವನು ಹೇಳುತ್ತಲೇ ಇದ್ದಾನೆ.

ಇವತ್ತು ಮದುವೆಯೊಂದರ ಫೋಟೋಗಳು ಒಳಗಿನಿಂದ ಹೊರಗೆ ಬರಬೇಕು. ಎಷ್ಟು ಬಂತೆಂದು ತೋರಿಸುವ ಹಸಿರು ಪಟ್ಟಿ ಪರದೆಯ ಮೇಲೆ ಬೆಳಗ್ಗೆಯಿಂದ ತೆವಳುತ್ತಿದೆ. ಹುಡುಗಿಯ ತಾಯಿ ಸಂಜೆ ಬಸ್ಸಿಗೆ ಮುಂಚೆ ತೆಗೆದುಕೊಂಡು ಹೋಗುತ್ತಾರೆ. ಫೋಟೋ ಸಿಕ್ಕರೆ ಎರಡನೇ ಮಗಳ ಮದುವೆಯೂ ಇವರಿಗೇ. ಸಿಗದಿದ್ದರೆ ಎದುರು ಸ್ಟುಡಿಯೋದ ಬಾಗಿಲು ತೆರೆದೇ ಇದೆ.

ಹೆಂಡತಿ: ಈಗ ಎಲ್ಲೀವರೆಗೆ ಬಂತು?

ಗಂಡ (ಕಂಪ್ಯೂಟರ್‌ಗೆ ಮೂಗು ತಾಗಿಸಿ): ಮದುಮಗ ಬಂದ. ಅವನ ಕಡೆಯವರೂ ಬಂದ್ರು. ಹುಡುಗಿ ಕಡೆಯವರು ಒಬ್ಬರೂ ಬಂದಿಲ್ಲ. ಹುಡುಗಿ ಬರೋದೂ ಅನುಮಾನ.

ಸರಿಯಾಗಿ ಈ ಮಾತಿಗೆ ಹುಡುಗಿಯ ತಾಯಿ ಬಾಗಿಲಲ್ಲಿ ಕಾಲಿಟ್ಟರು.

ಗಿರಾಕಿ: ಏನಂದ್ರಿ? ನಮ್ಮ ಕಡೆಯವರು ಬರ್ಲಿಲ್ವಾ? ಬಸ್ ಮಾಡ್ಕೊಂಡು ಬಂದಿದ್ವಿ.

ಗಂಡ: ಅಯ್ಯೋ, ಬನ್ನಿ ಅಮ್ಮಾ, ಕೂತ್ಕೊಳ್ಳಿ. ನೀವು ಮದುವೆಗೆ ಬಂದಿದ್ರಿ. ಪೆಟ್ಟಿಗೆಯಿಂದ ಬಂದಿಲ್ಲ.

ಗಿರಾಕಿ: ಪೆಟ್ಟಿಗೇಲಿ ಯಾಕೆ ಹಾಕಿದ್ರಿ ನಮ್ಮನ್ನ?

ಹೆಂಡತಿ: ಫೋಟೋ ಅಮ್ಮಾ, ಫೋಟೋ. ಒಳಗಿನ ಪೆಟ್ಟಿಗೆಯಿಂದ ಇಲ್ಲಿಗೆ ನಡ್ಕೊಂಡು ಬರ್ತಿವೆ.

ಗಿರಾಕಿ: ಗಂಡಿನ ಕಡೆಯವರು ಮಾತ್ರ ಮುಂಚೆ ಬಂದ್ರು. ಅಲ್ಲೂ ಹಾಗೇ, ಇಲ್ಲೂ ಹಾಗೇ. ಅವರನ್ನ ಮೊದಲು ಕಳಿಸಿ ಅಂತ ಯಾರು ಹೇಳಿದ್ದು?

ಗಂಡ: ಯಾರೂ ಹೇಳಿಲ್ಲ. ಯಂತ್ರಕ್ಕೆ ಗಂಡಿನ ಕಡೆಯವರು ಯಾರು, ಹೆಣ್ಣಿನ ಕಡೆಯವರು ಯಾರು ಅಂತ ಗೊತ್ತಾಗುತ್ತಾ?

ಗಿರಾಕಿ: ಗೊತ್ತಾಗುತ್ತೆ ಅಂತ ಕಾಣುತ್ತೆ.

ಅವರು ಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಚೀಲ ನೆಲಕ್ಕಿಡದ ಗಿರಾಕಿ ಹೆಚ್ಚು ಹೊತ್ತು ಕೂರುವವರಲ್ಲ ಎಂಬುದು ಎಲ್ಲ ಅಂಗಡಿಯವರಿಗೂ ಗೊತ್ತು.

ಗಂಡ (ತಗ್ಗಿದ ದನಿಯಲ್ಲಿ): ಪೆಟ್ಟಿಗೇನೇ ಚಿಕ್ಕದಾಯ್ತು ಅಂತ ನನಗನ್ಸುತ್ತೆ. ದೊಡ್ಡದು ತಂದುಬಿಡ್ಲಾ?

ಹೆಂಡತಿ: ಪೆಟ್ಟಿಗೆ ಏನು ಮಾಡುತ್ತೆ ಪಾಪ? ಅದಕ್ಕೆ ನಿಮ್ಮ ಬುದ್ಧಿ ಕಲಿಸಿದ್ದೀರಲ್ಲ.

ಗಂಡ: ನನ್ನ ಬುದ್ಧಿಗೇನಾಗಿದೆ?

ಹೆಂಡತಿ: ಬಾಗಿಲಿಗೆ ಬೀಗ ಹಾಕಿದ್ಮೇಲೆ ಎಳೆದು ನೋಡ್ತೀರಿ. ಬೀದಿ ತುದೀವರೆಗೆ ಹೋಗಿ ವಾಪಸ್ ಬಂದು ಮತ್ತೆ ಎಳೀತೀರಿ. ಆ ಪೆಟ್ಟಿಗೆಗೂ ಅದನ್ನೇ ಹೇಳ್ಕೊಟ್ಟಿದ್ದೀರಿ. ಒಂದು ಫೋಟೋ ಕಳಿಸುತ್ತೆ. ಅದು ನೆಟ್ಟಗಿದೆಯಾ ಅಂತ ಈ ಕಂಪ್ಯೂಟರ್ ಮೇಲಿಂದ ಕೆಳಗೆ ನೋಡಿ, "ಹೂಂ, ಬಂತು" ಅಂತ ಹೇಳಿ ಕಳಿಸುತ್ತೆ. ಆ ಹೂಂ ಒಳಕೋಣೆ ಮುಟ್ಟಿದ ಮೇಲೇನೇ ಮುಂದಿನ ಫೋಟೋ ಹೊರಡೋದು. ಅಲ್ಲೀವರೆಗೆ ಬೆರಳು ದಪ್ಪದ ವೈರು ಆಕಳಿಸ್ತಾ ಬಿದ್ದಿರುತ್ತೆ.

ಗಿರಾಕಿ: ನಮ್ಮಜ್ಜಿ ಕತೆ ಹೇಳೋವಾಗ ಹಾಗೇ ಮಾಡೋರು. ನಾವು ಹೂಂ ಅನ್ನದಿದ್ರೆ ರಾಜಕುಮಾರ ಕುದುರೆ ಹತ್ತುತ್ತಲೇ ಇರ್ಲಿಲ್ಲ.

ಹೆಂಡತಿ: ಹಾಂ, ಅದೇ ನೋಡಿ. ಇಲ್ಲಿ ಸಾವಿರಾರು ಹೂಂ ಆಗ್ಬೇಕು.

ಗಂಡ: ಸುಮ್ಮನೆ ಮಾಡಿದ್ನಾ ನಾನು? ಒಂದು ಸಲ ಪರೀಕ್ಷೆ ಮಾಡದೆ ಕೊಟ್ಟು ಮದುಮಗನ ಸೋದರಮಾವನೇ ಆಲ್ಬಮ್‌ನಿಂದ ಮಾಯ ಆಗಿದ್ದ. ಮನೆ ಬಾಗಿಲಿಗೆ ಬಂದು ಕೂಗಾಡಿದ್ನಲ್ಲ, ಮರೆತ್ಯಾ?

ಹೆಂಡತಿ: ಪರೀಕ್ಷೆ ಬೇಡ ಅಂತ ನಾನೆಲ್ಲಿ ಹೇಳಿದೆ? ಎಲ್ಲಾ ಬಂದ ಮೇಲೆ ಒಟ್ಟಿಗೆ ಮಾಡಿ ಅಂದೆ. ಪಾಸ್‌ವರ್ಡ್ ಹಾಕಿ, ನಾನು ಬದಲಾಯಿಸ್ತೀನಿ.

ಪಾಸ್‌ವರ್ಡ್ ಇರುವುದು ಗಂಡನ ತಲೆಯೊಂದರಲ್ಲೇ. ಅವನು ಹೆಂಡತಿಯನ್ನು ಪೂರ್ತಿ ನಂಬುತ್ತಾನೆ. ಆದರೆ ಪರೀಕ್ಷೆ ಮಾಡಿ ನಂಬುತ್ತಾನೆ.

ಗಂಡ: ಮೊದಲು ಏನೇನು ಬದಲಾಯಿಸ್ತೀಯ ಒಂದೊಂದಾಗಿ ಹೇಳು. ಯೋಚನೆ ಮಾಡಿ ಹೂಂ ಅಂತೀನಿ. ಆಮೇಲೆ ಮುಂದಿನದು.

ಹೆಂಡತಿ: ಚಿಕ್ಕ ಫೈಲ್‌ಗಳನ್ನೆಲ್ಲ ಸೇರಿಸಿ ಮೂಟೆ ಕಟ್ಟೋದು.

ಗಂಡ: ಎಷ್ಟು ದೊಡ್ಡ ಮೂಟೆ?

ಹೆಂಡತಿ: ದೊಡ್ಡದೇ.

ಗಂಡ: ಮೂಟೆ ಒಡೆದ್ರೆ?

ಹೆಂಡತಿ: ಒಡೆಯಲ್ಲ.

ಗಂಡ: ಅಕಸ್ಮಾತ್ ಒಡೆದ್ರೆ ಅಂತ.

ಗಿರಾಕಿ ಎದ್ದರು. ಬಾಗಿಲವರೆಗೆ ಹೋಗಿ ಎದುರು ಸ್ಟುಡಿಯೋದ ಗಾಜಿನೊಳಗೆ ನಗುತ್ತಿದ್ದ ಯಾರದೋ ಮದುಮಗಳನ್ನು ಬಹಳ ಮೆಚ್ಚುಗೆಯಿಂದ ನೋಡತೊಡಗಿದರು.

ಹೆಂಡತಿ (ಪಿಸುದನಿಯಲ್ಲಿ): ನೋಡಿದ್ರಾ? ಪೆಟ್ಟಿಗೆ ನಿಧಾನ ಆಗಿರೋದು ಹೀಗೇನೇ. ಈಗ ನಾನು ಎಲ್ಲಾ ಒಂದೇ ಉಸಿರಲ್ಲಿ ಹೇಳ್ತೀನಿ, ನೀವು ಕೊನೇಲಿ ಒಂದು ಹೂಂ ಅನ್ನಿ. ಆಗುತ್ತಾ?

ಗಂಡ (ಬಾಗಿಲ ಕಡೆ ನೋಡುತ್ತ): ಆಯ್ತು, ಬೇಗ ಹೇಳು ಮಹಾರಾಯ್ತಿ.

ಹೆಂಡತಿ: ಚಿಕ್ಕ ಫೈಲೆಲ್ಲ ಮೂಟೆ ಕಟ್ಟೋದು, ಒಂದು ಮೂಟೆ ದಾರೀಲಿರುವಾಗಲೇ ಇನ್ನೊಂದು ಹೊರಡಿಸೋದು, ಒಂದೊಂದಕ್ಕೂ ಹೂಂಗೆ ಕಾಯೋದು ಬಿಡೋದು, ಎಲ್ಲಾ ಬಂದ ಮೇಲೆ ಪರೀಕ್ಷೆ ಮಾಡೋದು, ಹಾಳಾಗಿದ್ರೆ ಅದನ್ನಷ್ಟೇ ಮತ್ತೆ ತರಿಸೋದು, ಎರಡನೇ ಮದುವೆಗೆ ನಾನು ಕ್ಯಾಮೆರಾ ಹಿಡಿಯೋದು ನೀವು ಇಲ್ಲಿ ಕೂರೋದು, ಬರ್ತಾ ಇರೋ ಫೋಲ್ಡರನ್ನ ಗಳಿಗೆಗೊಂದು ಸಲ ತೆಗೆದು ಇಣುಕೋದು ನಿಲ್ಲಿಸೋದು. ಒಪ್ಪಿಗೆಯಾ?

ಗಿರಾಕಿ ಹೊಸ್ತಿಲು ದಾಟಲು ಒಂದು ಕಾಲೆತ್ತಿದರು.

ಗಂಡ: ಹೂಂ, ಹೂಂ. ಅಮ್ಮಾ, ಬನ್ನಿ ಒಳಗೆ, ಆಯ್ತು.

ಅವನು ಪಾಸ್‌ವರ್ಡ್ ಒತ್ತಿದ. ಅವಳ ಬೆರಳುಗಳು ಓಡಿದವು. ಬೆಳಗ್ಗೆಯಿಂದ ತೆವಳುತ್ತಿದ್ದ ಹಸಿರು ಪಟ್ಟಿ ಎದ್ದು ಓಡತೊಡಗಿತ್ತು.

ಹೆಂಡತಿ: ಬನ್ನಿ ಅಮ್ಮಾ, ಮೊದಲನೇ ಮೂಟೆ ಬಿಚ್ಚಿದ್ದೀನಿ. ನಿಮ್ಮ ಕಡೆಯವರು ಬಂದ್ರು.

ಗಿರಾಕಿ: ಎಲ್ಲಿ? ಹಾಂ, ನಮ್ಮಣ್ಣ. ಇವಳು ನಮ್ಮತ್ತಿಗೆ, ಎಲ್ಲಾದ್ರಲ್ಲೂ ಮುಂದೆ ನಿಂತಿದ್ದಾಳೆ. (ದನಿ ಇಳಿಸಿ) ಇಗೋ, ನನ್ನ ಮಗಳು. ಹೊರಡೋವಾಗ ಸರಿಯಾಗಿ ಮುಖಾನೂ ನೋಡ್ಲಿಲ್ಲ ನಾನು, ಅಳು ಬರುತ್ತೆ ಅಂತ.

ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಚೀಲವನ್ನು ನೆಲಕ್ಕಿಟ್ಟರು. ಗಂಡನಿಗೆ ಹೋದ ಜೀವ ಬಂದಂತಾಯಿತು.

ಗಿರಾಕಿ: ಎರಡನೆಯವಳದ್ದೂ ನಿಮ್ಮಲ್ಲೇ. ಬೇಗ ಬಂದ್ಬಿಡಿ.

ಹೆಂಡತಿ: ಬೆಳಗ್ಗೇನೇ ಬರ್ತೀನಿ ಅಮ್ಮಾ.

ಗಂಡ: ಬರ್ತೀನಿ ಅಂದ್ರೆ? ನೀನ್ಯಾಕೆ?

ಹೆಂಡತಿ: ಕ್ಯಾಮೆರಾ ಹಿಡಿಯೋಕೆ. ಈಗ ತಾನೇ ಒಪ್ಪಿದ್ರಲ್ಲ.

ಗಂಡ: ನಾನು ಒಪ್ಪಿದ್ದು ಮೂಟೆಗೆ.

ಹೆಂಡತಿ: ಮೂಟೆಯೊಳಗೇ ಇತ್ತು. ಇಣುಕೋದು ನಿಲ್ಲಿಸೋದಕ್ಕಿಂತ ಮುಂಚೆ.

ಗಂಡ: ನಾನು ಅದನ್ನ ಪರೀಕ್ಷೆ ಮಾಡ್ಲಿಲ್ಲ. ಆ ಒಂದನ್ನ ತೆಗೆದು ಪಕ್ಕಕ್ಕಿಡು.

ಹೆಂಡತಿ: ಹಾಗೆಲ್ಲ ಆಗಲ್ಲ. ಒಂದು ಮೂಟೆಗೆ ಒಂದೇ ಹೂಂ. ಹಿಂದೆ ತಗೊಂಡ್ರೆ ಪೂರ್ತಿ ತಗೋಬೇಕು. ಇನ್ನೂ ಅರ್ಧ ಮದುವೆ ಒಳಕೋಣೇಲೇ ಇದೆ. ನಿಮ್ಮ ಹಳೇ ಪದ್ಧತಿಗೇ ಹಾಕ್ಬಿಡ್ಲಾ?

ಗಿರಾಕಿ: ಹಳೇ ಪದ್ಧತಿ ಬೇಡಮ್ಮಾ. ನನ್ನ ಬಸ್ಸು ಹೋಗುತ್ತೆ.

ಗಂಡ: ಅಮ್ಮಾ, ಇವಳಿಗೆ ಮದುವೆ ತೆಗೆದು ಅಭ್ಯಾಸ ಇಲ್ಲ.

ಗಿರಾಕಿ: ನಿಮಗೆ ಬೇಕಾದಷ್ಟಿದೆ, ನೋಡಿದೀವಲ್ಲ. ಒಂದು ಫೋಟೋ ತೆಗೆಯೋದು, ಕ್ಯಾಮೆರಾ ತಿರುಗಿಸಿ ನೋಡೋದು, ತಲೆಯಾಡಿಸೋದು, ಮತ್ತೆ ತೆಗೆಯೋದು. ನಗ್ತಾ ನಿಂತು ನಿಂತು ನಮ್ಮ ಬೀಗರಿಗೆ ದವಡೆ ಹಿಡ್ಕೊಂಡಿತು. ನೀನೇ ಬಾಮ್ಮಾ.

ಗಂಡ ಕಂಪ್ಯೂಟರ್ ನೋಡಿದ. ಹಸಿರು ಪಟ್ಟಿಯನ್ನು ನೋಡಿದ. ಅದು ಕೂಡ ಯಾರ ಪರವೆಂದು ಸ್ಪಷ್ಟವಾಗಿತ್ತು. ಹೆಂಡತಿ ಆಗಲೇ ಕಪಾಟಿನಿಂದ ಕ್ಯಾಮೆರಾ ತೆಗೆದು ಅದರ ಬೆಲ್ಟನ್ನು ಕೊರಳಿಗೆ ಹಾಕಿಕೊಂಡು ತನ್ನ ಅಳತೆಗೆ ಸರಿಮಾಡಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿದ್ದ ಸಂತೋಷವನ್ನು ಅವನು ತನ್ನ ಮದುವೆಯ ಫೋಟೋದಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡಿರಲಿಲ್ಲ. ಆ ಫೋಟೋವನ್ನೂ ಬೇರೆ ಯಾರೋ ತೆಗೆದಿದ್ದರು.

ಗಂಡ (ಮೆತ್ತಗೆ): ಹಾಗಾದ್ರೆ ಮದುವೆಗೆ ನಾನು ಬರೋದೇ ಬೇಡ್ವಾ?

ಗಿರಾಕಿ: ಅಯ್ಯೋ, ಬನ್ನಿಪ್ಪಾ. ಊಟ ಮಾಡಿ, ಮದುಮಕ್ಕಳ ಪಕ್ಕ ನಿಂತು ಒಂದು ಫೋಟೋನೂ ತೆಗೆಸ್ಕೊಳ್ಳಿ.

ಹೆಂಡತಿ: ಕಣ್ಣು ಬಿಟ್ಕೊಂಡು ನಿಂತಿರಿ ಅಷ್ಟೇ. ನಾನು ಎರಡನೇ ಸಲ ತೆಗೆಯಲ್ಲ.