ಭಾವನ ಕೂಗು ಪರೀಕ್ಷೆ

ನಮ್ಮ ಭಾವನಿಗೆ ಹೆಂಡತಿಯೊಬ್ಬಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಎರಡೆರಡಿವೆ! ಎರಡು ಫೋನು, ಎರಡು ಕನ್ನಡಕ, ಎರಡು ಗ್ಯಾಸ್ ಲೈಟರು, ಎರಡು ನೀರಿನ ಮೋಟಾರು. ಸ್ಕೂಟರಿನ ಬೀಗದ ಕೈ ಮಾತ್ರ ಮೂರು, ಏಕೆಂದರೆ ಎರಡನೆಯದರ ಮೇಲೂ ಅವರಿಗೆ ಪೂರ್ತಿ ನಂಬಿಕೆಯಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಹತಾಶೆಯಿಂದ ಹೇಳುತ್ತಿದ್ದೇನೆ. ನಮ್ಮ ಅಕ್ಕ ಇಪ್ಪತ್ತೆಂಟು ವರ್ಷದಿಂದ ಈ ಮನುಷ್ಯನ ಜೊತೆ ಸಂಸಾರ ಮಾಡುತ್ತಿದ್ದಾಳೆ. ಆ ಮನೆಯಲ್ಲಿ ಒಂದೇ ಒಂದು ಇದ್ದದ್ದು ಅವಳ ತಾಳ್ಮೆ. ಅದು ಇನ್ನೂ ಹೇಗೆ ಉಳಿದಿದೆಯೋ ದೇವರೇ ಬಲ್ಲ.

ಭಾವನದು ಜಕ್ಕೂರು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ. ಸುತ್ತ ಅಪಾರ್ಟ್‌ಮೆಂಟುಗಳೆದ್ದು ಅಂಗಳಕ್ಕೆ ಬಿಸಿಲು ಬೀಳುವುದೇ ನಿಂತುಹೋಗಿದ್ದರೂ ಇವರು ಕದಲಿದವರಲ್ಲ. ಕೆಲಸ ಹೆಬ್ಬಾಳದಾಚೆಯ ಒಂದು ಕಂಪನಿಯ ಡೇಟಾ ಸೆಂಟರಿನಲ್ಲಿ. ಹಾಗಂದರೆ, ಕಂಪ್ಯೂಟರುಗಳನ್ನು ಸಾಲಾಗಿ ಕಬ್ಬಿಣದ ಬೀರುಗಳಲ್ಲಿ ಜೋಡಿಸಿಟ್ಟು, ಅವಕ್ಕೆ ಸೆಖೆಯಾಗದಂತೆ ಏಸಿ ಹಾಕಿ, ಮನುಷ್ಯರನ್ನು ಮಾತ್ರ ಚಳಿಗೆ ಬಿಡುವ ಜಾಗ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ಹೊರಡುವ ಭಾವನನ್ನು ನೋಡಿ ಎದುರುಮನೆಯಾಕೆ ಅಕ್ಕನ ಹತ್ತಿರ ಗುಟ್ಟಾಗಿ, ‘ಯಾವ ಡಾಕ್ಟ್ರಿಗೆ ತೋರಿಸ್ತಿದೀರಾ?’ ಎಂದು ಕೇಳಿದ್ದುಂಟು!

‘ಭಾವ, ನೀವು ಅಲ್ಲಿ ಮಾಡೋದಾದ್ರೂ ಏನು?’ ಎಂದು ಒಮ್ಮೆ ಕೇಳಿದೆ. ಕೇಳಬಾರದಿತ್ತು.

‘ನೋಡಮ್ಮಾ, ಒಂದು ದೊಡ್ಡ ಮಿಷಿನ್ ಇದೆ ಅಂತಿಟ್ಕೋ. ಅದರೊಳಗೆ ನಲವತ್ತು ಮಿಷಿನ್ ಮಾಡ್ತೀವಿ. ಕಬ್ಬಿಣದ್ದಲ್ಲ, ಸಾಫ್ಟ್‌ವೇರಲ್ಲಿ. ವರ್ಚುವಲ್ ಮಿಷಿನ್ ಅಂತಾರೆ. ಒಂದೊಂದೂ ಇಡೀ ಮಿಷಿನ್ ತಂದೇ ಅನ್ಕೊಂಡಿರುತ್ತೆ. ಪಕ್ಕದಲ್ಲಿ ಇನ್ನೂ ಮೂವತ್ತೊಂಬತ್ತು ಜನ ಇದಾರೆ ಅಂತ ಅದಕ್ಕೆ ಗೊತ್ತೇ ಇರಲ್ಲ.’

‘ಅಂದ್ರೆ ವಠಾರ!’

‘ಹೂಂ, ವಠಾರಾನೇ ಅನ್ಕೋ.’

‘ಇದನ್ನ ನಮ್ಮ ಆರ್.ಟಿ. ನಗರದ ಓನರ್ರು ಮೂವತ್ತು ನಲವತ್ತು ಸೈಟಲ್ಲಿ ಯಾವತ್ತೋ ಮಾಡಿದಾರಲ್ಲ ಭಾವ! ಆದ್ರೆ ಪಕ್ಕದಲ್ಲಿ ಜನ ಇದಾರೆ ಅಂತ ನಮಗೆ ಚೆನ್ನಾಗೇ ಗೊತ್ತಾಗುತ್ತೆ. ಅವರು ಸೀನಿದ್ರೆ ನಾವು ಚಿರಂಜೀವಿಯಾಗು ಅಂತೀವಿ.’

ಭಾವ ನಗಲಿಲ್ಲ. ‘ಹಂಗಾದ್ರೆ ನಿಮ್ಮ ಗೋಡೆ ಸರಿಯಿಲ್ಲ. ಒಂದು ಮನೆ ಬಿದ್ರೆ ಇನ್ನೊಂದೂ ಬೀಳುತ್ತೆ’ ಎಂದು ನನ್ನ ಪರವಾಗಿ ಚಿಂತೆಗೆ ಬಿದ್ದರು.

‘ಬೀಳುತ್ತೆ’ ಎನ್ನುವುದೇ ಅವರ ಬಾಯಲ್ಲಿ ಸದಾ ಇರುವ ಮಾತು. ಎಲ್ಲವೂ ಒಂದು ದಿನ ಬೀಳುತ್ತದೆ, ಯಾವಾಗ ಎನ್ನುವುದಷ್ಟೇ ಗೊತ್ತಿಲ್ಲ. ಅದಕ್ಕೇ ಎಲ್ಲ ಎರಡೆರಡು. ನಮ್ಮ ಕಡೆ ಮದುವೆಯಲ್ಲಿ ತವರಿನದೊಂದು, ಗಂಡನ ಮನೆಯದೊಂದು ಅಂತ ಎರಡು ತಾಳಿ ಕಟ್ಟಿಸುತ್ತಾರೆ. ಮಂಟಪದಲ್ಲಿ ಎರಡನೆಯ ತಾಳಿ ಕೈಗೆ ಬಂದಾಗ ಮದುಮಗನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಪ್ರೀತಿಯಿಂದ ಅಂದುಕೊಂಡಿದ್ದೆ. ಊಟದ ಪಂಕ್ತಿಯಲ್ಲಿ ಅವರೇ ಹೇಳಿದರು: ‘ನಮ್ಮ ಹಿರಿಯರು ಎಂಥಾ ಬುದ್ಧಿವಂತರು ನೋಡು. ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತ ಮೊದ್ಲೇ ಯೋಚ್ನೆ ಮಾಡಿದಾರೆ!’

ಮನೆಗೆ ಇಂಟರ್ನೆಟ್ಟೂ ಎರಡು, ಬೇರೆ ಬೇರೆ ಕಂಪನಿಯವು. ಒಂದು ಹೋದರೆ ಇನ್ನೊಂದು ತಾನಾಗಿಯೇ ಹಿಡಿದುಕೊಳ್ಳುವ ಡಬ್ಬಿಯೊಂದನ್ನು ಗೋಡೆಗೆ ಜಡಿದು, ವಾರಕ್ಕೊಮ್ಮೆ ಒಂದರ ತಂತಿ ಕಿತ್ತು ಅಭ್ಯಾಸ ಮಾಡಿಸುತ್ತಿದ್ದರು. ಒಂದು ಮಧ್ಯಾಹ್ನ ನೀರಿನ ಟ್ಯಾಂಕರೊಂದು ಹಿಮ್ಮುಖ ಬಂದು ಬೀದಿಯ ಕಂಬಕ್ಕೆ ಗುದ್ದಿತು. ಎರಡೂ ಹೋದವು! ಎರಡು ಕಂಪನಿಯವರೂ ಒಂದೇ ಕಂಬಕ್ಕೆ ತಂತಿ ಸುತ್ತಿದ್ದರು. ಅವತ್ತು ಭಾವ ಊಟ ಮಾಡಲಿಲ್ಲ. ಟ್ಯಾಂಕರಿನವನು ಬಂದು ಕೈಮುಗಿದರೆ ಅವನನ್ನು ಬೈಯಲೂ ಇಲ್ಲ. ‘ನಿನ್ನ ತಪ್ಪಲ್ಲಪ್ಪ, ಕಂಬ ಒಂದೇ ಇತ್ತು, ನಾನು ನೋಡ್ಲಿಲ್ಲ’ ಎಂದು ಅವನಿಗೇ ಸಮಾಧಾನ ಹೇಳಿ ಕಳಿಸಿದರು.

ಸಂಸಾರದ ಜಗಳದಲ್ಲೂ ಇದೇ ಕಥೆ. ಅವರ ವರ್ಚುವಲ್ ಮಿಷಿನ್ನುಗಳಲ್ಲಿ ಒಂದು ಸೌಕರ್ಯವಿದೆಯಂತೆ. ಏನಾದರೂ ಬದಲಾಯಿಸುವ ಮೊದಲು ಅದು ಇದ್ದ ಸ್ಥಿತಿಯ ಪಡಿಯಚ್ಚು ತೆಗೆದಿಟ್ಟುಕೊಂಡರೆ, ಕೆಟ್ಟಾಗ ಮತ್ತೆ ಅಲ್ಲಿಗೇ ಹಿಂದಿರುಗಬಹುದು. ಒಂದು ಭಾನುವಾರ ಅಕ್ಕ ಪಾತ್ರೆ ಕುಕ್ಕುತ್ತಿದ್ದಾಗ ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು, ‘ಜಗಳ ಬೇಡ ಕಣೇ. ನಿನ್ನೆ ಸಾಯಂಕಾಲ ಏಳು ಗಂಟೆಗೆ ಹೆಂಗಿದ್ವೋ ಅಲ್ಲಿಗೆ ವಾಪಸ್ ಹೋಗ್ಬಿಡೋಣ’ ಅಂದರು.

ಅಕ್ಕ ತಿರುಗಿ ಕೂಡ ನೋಡಲಿಲ್ಲ. ‘ನಿನ್ನೆ ಏಳು ಗಂಟೇಲೂ ನಾನು ಸಿಟ್ಟಲ್ಲೇ ಇದ್ದೆ. ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ!’

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕೂಗು ಪರೀಕ್ಷೆ. ಇದು ಅವರ ಕಸುಬಿನಲ್ಲಿ ನಿಜವಾಗಿಯೂ ನಡೆಯುವ ಪದ್ಧತಿಯಂತೆ. ನೂರಾರು ವರ್ಚುವಲ್ ಮಿಷಿನ್ನುಗಳಲ್ಲಿ ಕೆಲವು ಯಾರವು, ಯಾಕಿವೆ ಎಂದು ಯಾರಿಗೂ ತಿಳಿದಿರುವುದಿಲ್ಲ. ಮೇಲ್ ಹಾಕಿ ಕೇಳಿದರೆ ಉತ್ತರ ಕೊಡುವವರಿಲ್ಲ. ಅಳಿಸಿಬಿಡಲು ಭಯ. ಆಗ ಅದರ ನೆಟ್‌ವರ್ಕ್ ಕನೆಕ್ಷನ್ ಮಾತ್ರ ಕಟ್ ಮಾಡಿ ಸುಮ್ಮನೆ ಕೂರುವುದು. ‘ಅಯ್ಯೋ, ನಮ್ಮ ಕೆಲಸ ನಿಂತುಹೋಯ್ತು!’ ಎಂದು ಯಾರಾದರೂ ಕೂಗಿಕೊಂಡು ಬಂದರೆ ತಕ್ಷಣ ಜೋಡಿಸುವುದು. ಮೂವತ್ತು ದಿನ ಯಾರೂ ಕೂಗದಿದ್ದರೆ ಅದು ಯಾರಿಗೂ ಬೇಕಿಲ್ಲವೆಂದು ಅಳಿಸುವುದು. ಕಂಪನಿಯಲ್ಲಿ ಮಾಡಿಕೊಳ್ಳಲಿ, ಬೇಡ ಅಂದವರಾರು? ಭಾವ ಅದನ್ನು ಮನೆಗೆ ತಂದರು!

ಅಕ್ಕನ ಅಡುಗೆಮನೆಯಿಂದ ಒಂದೊಂದೇ ಸಾಮಾನು ಅಟ್ಟ ಸೇರತೊಡಗಿತು. ಇಡ್ಲಿ ಪಾತ್ರೆ ಹೋದ ಮಾರನೆಯ ಬೆಳಿಗ್ಗೆಯೇ ಕೂಗು ಎದ್ದು ಅದು ಕೆಳಗಿಳಿಯಿತು. ಶಾವಿಗೆ ಒತ್ತುವ ಒರಳು ಹೋದಾಗ ಮಾತ್ರ ಯಾರೂ ಕೂಗಲಿಲ್ಲ. ಮೂವತ್ತೊಂದನೆಯ ದಿನ ಭಾವ ಅದನ್ನು ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟರು. ಗೌರಿಹಬ್ಬಕ್ಕೆ ಹೆಸರಘಟ್ಟದಿಂದ ನಮ್ಮಮ್ಮ ಬಂದರು. ಒರಳು ಕೇಳಿದರು. ಅದು ಅಮ್ಮನೇ ಮಗಳಿಗೆ ಕೊಟ್ಟ ಒರಳು! ಎದ್ದ ಕೂಗು ಹೆಬ್ಬಾಳದ ಫ್ಲೈಓವರಿನವರೆಗೂ ಕೇಳಿಸಿರಬೇಕು.

‘ಮೂವತ್ತು ದಿನ ಕಾದೆ ಅತ್ತೆ, ಯಾರೂ ಕೂಗ್ಲಿಲ್ಲ’ ಎಂದರು ಭಾವ, ತಲೆ ತಗ್ಗಿಸಿ.

‘ನಾನು ವರ್ಸಕ್ಕೊಂದು ಸಲ ಕೂಗೋಳು ಕಣಪ್ಪಾ ಅಳಿಯಂದ್ರೆ! ಇಂಗೆ ಏಳ್ದೆ ಕೇಳ್ದೆ ಕೊಟ್ಬಿಟ್ರೆ ಎಂಗೆ?’

ಭಾವ ಜೇಬಿನಿಂದ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ವರ್ಷಕ್ಕೊಮ್ಮೆ ಕೂಗುವವರೂ ಇರುತ್ತಾರೆ ಎನ್ನುವುದು ಅವರಿಗೆ ದೊಡ್ಡ ಪಾಠವಾಯಿತಂತೆ. ನಮ್ಮಮ್ಮನ ಹೆಸರಿನಲ್ಲಿ ಡೇಟಾ ಸೆಂಟರಿನ ನಿಯಮವೇ ಬದಲಾಯಿತೆಂದು ಆಮೇಲೆ ಹೆಮ್ಮೆಯಿಂದ ಹೇಳಿದರು. ಅಮ್ಮನಿಗೆ ಬೇಕಿದ್ದದ್ದು ಒರಳು!

ನಗುವುದು ಇಲ್ಲಿಗೆ ಮುಗಿಯಿತು. ಹೋದ ವರ್ಷ ಅವರ ಆ ವಠಾರ ಕಟ್ಟುವ ಸಾಫ್ಟ್‌ವೇರಿನ ಷರತ್ತುಗಳು ಬದಲಾಗಿ ಖರ್ಚು ಏರಿತಂತೆ. ಕಂಪನಿಯವರು ಲೆಕ್ಕ ಹಾಕಿ, ಎಲ್ಲವನ್ನೂ ಕ್ಲೌಡಿಗೆ ಸಾಗಿಸಿ ಹೆಬ್ಬಾಳದ ಕೋಣೆಯನ್ನೇ ಖಾಲಿ ಮಾಡುವುದೆಂದು ನಿರ್ಧರಿಸಿದರು. ‘ಕ್ಲೌಡ್ ಅಂದ್ರೆ ಏನು ಭಾವ?’ ಎಂದು ಕೇಳಿದೆ. ‘ಬೇರೆಯವರ ವಠಾರ’ ಅಂದರು. ಖಾಲಿ ಮಾಡುವ ಕೆಲಸ ಅವರಿಗೇ ಬಂತು. ಕೊನೆಯ ಮಿಷಿನ್ ಆರಿದ ದಿನ ತನ್ನ ಕೆಲಸವೂ ಆರುತ್ತದೆಂದು ಅವರಿಗೆ ಗೊತ್ತಿತ್ತು. ಐವತ್ತೈದರ ಹತ್ತಿರವಿದ್ದ ಮನುಷ್ಯ, ಒಂದೂ ತಪ್ಪಾಗದಂತೆ, ಪಟ್ಟಿ ಹಿಡಿದು ಒಂದೊಂದನ್ನೇ ಆರಿಸುತ್ತ ಬಂದರು.

ಕಡೆಗೆ ಒಂದು ಉಳಿಯಿತು. ಹದಿನಾಲ್ಕು ವರ್ಷ ಹಳೆಯದು. ಅದನ್ನು ಕಟ್ಟಿದವನು ಕಂಪನಿ ಬಿಟ್ಟು ಹೋಗಿ ಯಾವ ಕಾಲವಾಯಿತೋ! ಏನು ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ, ಆದರೂ ಭಾವ ಅದನ್ನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ನಾಲ್ಕು ಸಲ ಸಾಗಿಸಿದ್ದರು, ಮಲಗಿದ ಮಗುವನ್ನು ಎಚ್ಚರವಾಗದ ಹಾಗೆ ಇನ್ನೊಂದು ಹಾಸಿಗೆಗೆ ಎತ್ತಿ ಮಲಗಿಸಿದಂತೆ. ಅದರ ಕನೆಕ್ಷನ್ ಕಟ್ ಮಾಡಿ ಕಾದರು. ವರ್ಷ ಕಾಯಲು ಈ ಸಲ ಅವಕಾಶವಿರಲಿಲ್ಲ. ಮೂವತ್ತು ದಿನ ಕಳೆಯಿತು. ಒಂದು ಫೋನೂ ಬರಲಿಲ್ಲ.

‘ಹದಿನಾಲ್ಕು ವರ್ಷ ಬೀಳ್ದೇ ಇರೋ ಹಂಗೆ ನೋಡ್ಕೊಂಡೆ ಕಣಮ್ಮಾ. ಯಾರಿಗೂ ಬೇಕಾಗೇ ಇರ್ಲಿಲ್ಲ’ ಅಂದರು. ‘ಹೋಗ್ಲಿ ಬಿಡಿ ಭಾವ’ ಎಂದೆ. ಎಂಥ ಮೂರ್ಖ ಮಾತು ಆಡಿದೆನೆಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಭಾವನಿಗೆ ಇನ್ನೊಂದು ಚಾಳಿಯಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೆಂಟರಿಗೆಲ್ಲ ಸರದಿಯ ಮೇಲೆ ಫೋನು. ಕ್ಷೇಮಸಮಾಚಾರವಿಲ್ಲ, ಮಾತುಕತೆಯಿಲ್ಲ. ‘ಇದೀಯಾ?’ ಅನ್ನುವರು. ‘ಇದೀನಿ ಭಾವ’ ಅಂದರೆ ಸರಿ, ಇಟ್ಟುಬಿಡುವರು! ನೆಟ್‌ವರ್ಕಿನಲ್ಲಿ ಯಾವ ಮಿಷಿನ್ ಬದುಕಿದೆ ಎಂದು ತಿಳಿಯಲು ಹೀಗೇ ಚಿಕ್ಕದೊಂದು ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತಾರಂತೆ. ವಾರವೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ ಹೇಳಿ ಗಂಟಲು ಕೆಟ್ಟಿರುವ ನನಗೆ ಭಾನುವಾರದ ನಿದ್ದೆ ಒಂದೇ ಸುಖ. ಅದನ್ನೂ ಕೆಡಿಸುವ ಈ ಫೋನನ್ನು ನಾನು ಎಷ್ಟು ಶಪಿಸಿದ್ದೇನೋ!

ಕೆಲಸ ಹೋದ ಮೇಲೆ ಆ ಫೋನು ನಿಂತಿತು. ನಾನು ಗಮನಿಸಲೇ ಇಲ್ಲ. ನಾಲ್ಕು ಭಾನುವಾರ ಒಂಬತ್ತರವರೆಗೆ ಸುಖವಾಗಿ ಮಲಗಿದೆ. ಯಾಕೆ ಇಷ್ಟು ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಕೂಡ ಯೋಚಿಸಲಿಲ್ಲ. ನಾಲ್ಕನೆಯ ಭಾನುವಾರ ಮಧ್ಯಾಹ್ನ ಅಕ್ಕನ ಫೋನು ಬಂತು.

‘ಇವರು ಒಂದು ಪುಸ್ತಕದಲ್ಲಿ ನಿಮ್ಮೆಲ್ಲರ ಹೆಸರು ಬರ್ಕೊಂಡು ಕೂತಿದಾರೆ ಕಣೇ. ಹೆಸರಿನ ಮುಂದೆ ತಾರೀಕು ಹಾಕಿದಾರೆ. ಫೋನಲ್ಲಿ ಯಾರ ಜೊತೇನೂ ಮಾತಿಲ್ಲ. ಏನು ಅಂತ ಕೇಳಿದ್ರೆ ಹೇಳಲ್ಲ.’ ಅವಳ ದನಿ ಸ್ವಲ್ಪ ತಗ್ಗಿತು. ‘ಊರಿನವರ ಹೆಸರೆಲ್ಲ ಇದೆ, ನಂದೊಂದೇ ಇಲ್ಲ. ಇಷ್ಟು ವರ್ಷ ಇದ್ರೂ ನಾನು ಇವರ ಲೆಕ್ಕಕ್ಕೇ ಇಲ್ವೇನೋ.’

ಆಗಲೇ ನನಗೆ ಅರ್ಥವಾದದ್ದು. ಭಾವ ನಮ್ಮೆಲ್ಲರ ಕನೆಕ್ಷನ್ ಕಟ್ ಮಾಡಿ, ತಾನು ಯಾರಿಗಾದರೂ ಬೇಕೋ ಬೇಡವೋ ಎಂದು ನೋಡುತ್ತ ಕೂತಿದ್ದರು! ಸಿಕ್ಕ ಆಟೋ ಹತ್ತಿ ಜಕ್ಕೂರಿಗೆ ಓಡಿದೆ. ಭಾವ ಹಿತ್ತಲಿನ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು.

‘ಭಾವ, ಫೋನ್ ಯಾಕೆ ಮಾಡ್ಲಿಲ್ಲ?’ ಎಂದು ಕೂಗಿಯೇಬಿಟ್ಟೆ.

‘ಇಪ್ಪತ್ತಾರನೇ ದಿನ’ ಎಂದು ಅವರು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆದರು. ‘ನೀನೇ ಮೊದಲ್ನೇವಳು. ಅದೂ ಅವಳು ಹೇಳಿದ್ಮೇಲೆ ಬಂದೆ, ಅಲ್ವಾ?’

ಸುಳ್ಳು ಹೇಳಲಾಗಲಿಲ್ಲ. ‘ಹೂಂ ಭಾವ. ನಾನು ನಿದ್ದೆ ಮಾಡ್ತಿದ್ದೆ. ನೀವು ಇದ್ದೇ ಇರ್ತೀರ ಅಂತ ನಿದ್ದೆ ಮಾಡ್ತಿದ್ದೆ. ನಿಮ್ಮ ವಿಷಯದಲ್ಲಿ ನನಗೆ ಯಾವತ್ತೂ ಭಯ ಆಗ್ಲೇ ಇಲ್ಲ, ಅದೇ ತಪ್ಪಾಯ್ತು’ ಎಂದೆ. ಕಣ್ಣಲ್ಲಿ ನೀರು ಬಂತು. ಅವರು ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟರು.

ಕೂತುಕೊಂಡು ಕೇಳಿದೆ. ‘ಅಕ್ಕನ ಹೆಸರು ಯಾಕೆ ಬರ್ದಿಲ್ಲ? ಅವಳು ನೊಂದ್ಕೊಂಡಿದಾಳೆ.’

ಭಾವ ಪುಸ್ತಕ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ‘ನೀವೆಲ್ಲ ಕೂಗ್ದೇ ಇದ್ರೆ ಹೆಂಗೋ ತಡ್ಕೋಬೋದು ಅನ್ನಿಸ್ತಮ್ಮಾ. ಅವಳೂ ಕೂಗ್ದೇ ಇದ್ರೆ ನಾನೇನ್ ಮಾಡ್ಲಿ? ಅದಕ್ಕೆ ಅವಳ ಹತ್ರ ಪರೀಕ್ಷೆ ಮಾಡೋಕೆ ಧೈರ್ಯ ಬರ್ಲಿಲ್ಲ.’

ಹಿಂದೆ ಲೋಟದ ಸದ್ದಾಯಿತು. ಅಕ್ಕ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟಗಳನ್ನು ನೆಲದ ಮೇಲಿಟ್ಟು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಸೆರಗಿನಲ್ಲಿ ಮುಚ್ಚಿಕೊಂಡ ಅಳುವಲ್ಲ, ದನಿಯೆತ್ತಿದ ಅಳು. ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಬಂದು ನಿಂತು ನೋಡಿದರು. ಅವಳು ಲೆಕ್ಕಿಸಲಿಲ್ಲ.

ಭಾವ ಗಾಬರಿಯಿಂದ ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ‘ಯಾಕೇ ಅಳ್ತೀಯಾ? ಸುಮ್ನಿರೇ! ನಿನ್ನ ನಾನು ಕಟ್ ಮಾಡೇ ಇಲ್ವಲ್ಲೇ!’