ಎಂಟಕ್ಕೂ ಐದಕ್ಕೂ ಏನು ಡಿಫರೆನ್ಸು?

ರಾಯಲ್ಪಾಡಿನ ಕಡೆಯ ಒಂದು ಶಾಲೆಯಿಂದ ನಮ್ಮ ಚಿಕ್ಕಮ್ಮ ಒಂದು ದಿಕ್ಕನ್ನೇ ತೆಗೆದುಹಾಕಿದ್ದಳು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಅವಳು ಅಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರು. ಮಕ್ಕಳ ಮನೆಮಾತು ತೆಲುಗು, ಆಟದ ಮಾತು ಕನ್ನಡ. ಹೀಗಿರುವಾಗ ಶಾಲೆಗೆ ಇಂಗ್ಲಿಷ್ ಮೀಡಿಯಂ ಬಂತು. ಚಿಕ್ಕಮ್ಮ ಹೆದರಿದಳೇ? ಇಲ್ಲ, ಹೆದರಿದ್ದು ಚಿಕ್ಕಪ್ಪ. ಏಕೆಂದರೆ ಅಭ್ಯಾಸವೆಲ್ಲ ಅವರ ಮೇಲೆಯೇ ನಡೆಯಿತು. ತಟ್ಟೆಯಲ್ಲಿ ಎರಡು ಮುದ್ದೆ ಇಟ್ಟು, "ಟೂ ಪ್ಲಸ್ ಒನ್?" ಎಂದು ಕೇಳಿದಳಂತೆ. ಅವರು "ಸಾಕು" ಎಂದರು. ಉತ್ತರ ಇಂಗ್ಲಿಷಿನಲ್ಲಿ ಇಲ್ಲವೆಂದು ಮೂರನೆಯದನ್ನೂ ಬಡಿಸಿದಳು.

ಇನ್ನು ದಿಕ್ಕಿನ ಕಥೆ. ಮರದಲ್ಲಿ ಐದು ಮಾವಿನಕಾಯಿ, ಎರಡು ಕಿತ್ತರೆ "ಹೌ ಮೆನಿ ಲೆಫ್ಟ್?" ಎಂದು ಕೇಳಿದ್ದೇ ತಡ, ಇಡೀ ತರಗತಿ ಎಡಗೈ ಎತ್ತಿತು! ಬೆಳಿಗ್ಗೆ ತಾನೇ ಡ್ರಿಲ್ ಮೇಷ್ಟ್ರು ಲೆಫ್ಟು, ರೈಟು ಕಲಿಸಿದ್ದರು. ಚಿಕ್ಕಮ್ಮ ನೇರವಾಗಿ ಮೇಷ್ಟ್ರ ಹತ್ತಿರ ಹೋಗಿ ಒಪ್ಪಂದ ಮಾಡಿಕೊಂಡು ಬಂದಳು. ಕಳೆಯುವ ಲೆಕ್ಕ ಮುಗಿಯುವವರೆಗೆ ಆ ಶಾಲೆಯ ಮಕ್ಕಳು ಬಲಕ್ಕೆ ಮಾತ್ರ ತಿರುಗಿದರು.

ಒಂದು ದಿನ ಬಸ್ಸು ತಪ್ಪಿತೆಂದು ಅವಳನ್ನು ಶ್ರೀನಿವಾಸಪುರದಿಂದ ನನ್ನ ಸ್ಕೂಟರಿನಲ್ಲಿ ಕರೆದೊಯ್ದೆ. ಅವತ್ತೇ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಬೋರ್ಡಿನ ಮೇಲೆ 8, 5 ಎಂದು ಬರೆದು, ಇವೆರಡರ ಡಿಫರೆನ್ಸ್ ಏನೆಂದು ಇಂಗ್ಲಿಷಿನಲ್ಲಿ ಕೇಳಿದರು. ಇಡೀ ತರಗತಿ ಚಿಕ್ಕಮ್ಮನ ಕಡೆ ತಿರುಗಿತು. ಕೊನೆಗೆ ಕಿಟಕಿಯ ಪಕ್ಕದಲ್ಲಿದ್ದ, ಮಾವಿನ ತೋಟ ಕಾಯುವವರ ಮಗಳು ಎದ್ದು ನಿಂತಳು. ಎಂಟು ಬಾಯಿ ಮುಚ್ಚಿಕೊಂಡಿದೆ, ಐದು ಬಾಯಿ ತೆರೆದುಕೊಂಡಿದೆ ಎಂದು ತೆಲುಗಿನಲ್ಲಿ ಹೇಳಿದಳು.

ಸಾಹೇಬರು ನಕ್ಕರು. ತರಗತಿಯೂ ನಕ್ಕಿತು. ನಿಜ ಹೇಳಬೇಕೆಂದರೆ ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ನಗದಿದ್ದವಳು ಚಿಕ್ಕಮ್ಮ ಒಬ್ಬಳೇ.

"ಡಿಫರೆನ್ಸ್ ಕೇಳಿದ್ರಿ ಸಾರ್, ಹೇಳಿದಾಳೆ," ಎಂದಳು.

ಸಾಹೇಬರು ಮುಂದಿನ ತರಗತಿಗೆ ನಡೆದರು. ಸಂಜೆ ಸ್ಕೂಟರಿನಲ್ಲಿ ವಾಪಸು ಬರುವಾಗ, ಸಾಹೇಬರ ಹತ್ತಿರ ಬೈಸಿಕೊಂಡಳೇನೋ ಎಂದುಕೊಂಡು ಏನಾಯಿತೆಂದು ಕೇಳಿದೆ.

"ಆ ಮಗು ಸ್ಕೂಲಿಗೆ ಸೇರಿದಾಗಿಂದ ಬಾಯೇ ಬಿಟ್ಟಿರಲಿಲ್ಲ ಕಣೋ. ಯಾವ ಭಾಷೇಲೂ ಇಲ್ಲ. ಇವತ್ತು ಬಿಟ್ಟಳು, ಎಲ್ಲಾ ಸೇರ್ಕೊಂಡು ನಕ್ಬಿಟ್ರಿ. ಇನ್ನು ಮಾತಾಡ್ತಾಳೋ ಇಲ್ವೋ."

ದಾರಿಯುದ್ದಕ್ಕೂ ನನಗೆ ಹಿಂದಿರುಗಿ ನೋಡುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವಳದೇ ಫೋನು ಬಂತು. ಗಂಟೆ ಹೊಡೆಯುವ ಮೊದಲೇ ಹುಡುಗಿ ಓಡಿಬಂದು, ಇವಳ ಸೆರಗು ಜಗ್ಗಿ, ಆರು ತಲೆಕೆಳಗಾಗಿ ನಿಂತರೆ ಒಂಬತ್ತು ಅಲ್ಲವೇ ಎಂದು ಕೇಳಿತಂತೆ.

"ನೀನೇನಂದೆ?" ಎಂದೆ.



"ಅನ್ನೋದೇನು ಬಂತು ಕಣೋ, ತಬ್ಕೊಂಡ್ಬಿಟ್ಟೆ."