ಮಾವನ ಕಾರಿನ ಕಂಪನಿ ಚೀಟಿ

ನಮ್ಮ ಮಾವ ಕಾರು ಕೊಂಡದ್ದು ಕಾರಿಗಾಗಿ ಅಲ್ಲ, ಅದರ ಗಾಜಿಗೆ ಅಂಟಿದ್ದ ಚೀಟಿಗಾಗಿ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಆದರೆ ಆಗ, ಎಂಬತ್ತರ ದಶಕದ ಭಟ್ಕಳದಲ್ಲಿ, ನನ್ನ ಅತ್ತೆಯನ್ನು ಕೇಳಿದ್ದರೆ ಆಣೆ ಹಾಕಿ ಹೇಳುತ್ತಿದ್ದಳು.

ಮಾವನದು ಬಲೆ, ಹಗ್ಗದ ವ್ಯಾಪಾರ. ಬುಕ್ ಮಾಡಿ ವರ್ಷಗಟ್ಟಲೆ ಕಾದ ಮೇಲೆ ಕಾರು ಬಂತು. ಮುಂದಿನ ಎಡಗಡೆಯ ಕಿಟಕಿಗೆ, ಅಂದರೆ ಅತ್ತೆ ಕೂರುವ ಕಡೆ, ಕಂಪನಿಯವರು ಒಳಗಿನಿಂದ ಒಂದು ಕಾಗದ ಅಂಟಿಸಿದ್ದರು. ಎಂಜಿನ್ ನಂಬರು, ಮಾಡೆಲ್ಲು, ಬಣ್ಣ ಬಿಳಿ.

"ಬಿಳಿ ಅಂತ ಕಾಣ್ತದಲ್ಲ, ಅದನ್ನೂ ಬರೀಬೇಕಾ?" ಎಂದಳು ಅತ್ತೆ.

"ನಮ್ಮ ಕಣ್ಣಿಗೆ ಕಂಡ್ರೆ ಆತಾ? ಕಂಪನಿಯವ್ರು ಹೇಳ್ಬೇಕು!"

ಗಾಜು ಇಳಿಸಿದರೆ ಕಾಗದ ಬಾಗಿಲಿನ ಸಂದಿಗೆ ಸಿಕ್ಕಿ ಹರಿಯುತ್ತದೆ. ಹಾಗಾಗಿ ಆ ಗಾಜು ಇಳಿಯಲೇ ಇಲ್ಲ. ಮೇ ತಿಂಗಳ ಸೆಕೆಯಲ್ಲಿ ಮಾವನ ಕಡೆ ಗಾಳಿ, ಅತ್ತೆಯ ಕಡೆ ಚೀಟಿ! ಆಯುಧಪೂಜೆಗೆ ಬಂದ ಭಟ್ಟರು ಆ ಗಾಜಿಗೆ ಕುಂಕುಮ ಹಚ್ಚಹೋದರೆ "ಅಕ್ಷರ ಮುಚ್ತದೆ!" ಎಂದು ಮಾವ ಕೈ ಹಿಡಿದರು. "ಪೂಜೆ ಗಾಡಿಗೋ, ಚೀಟಿಗೋ?" ಎಂದು ಗೊಣಗುತ್ತ ಭಟ್ಟರು ಟೈರಿಗೆ ಹಚ್ಚಿ ಹೋದರು.

ಹುಚ್ಚು ಮಾವನೊಬ್ಬರಿಗೇ ಅಂದುಕೊಳ್ಳಬೇಡಿ. ತಾವೂ ಕಾರು ಇಟ್ಟುಕೊಂಡಿದ್ದ ಸಾಹುಕಾರರೊಬ್ಬರು ಕುಮಟಾದಿಂದ ಈ ಚೀಟಿ ನೋಡಲೆಂದೇ ಬರುತ್ತಿದ್ದರು. ಗಾಜು ಸವರಿ, "ನಾನು ಕಾರು ಬಂದ ದಿನವೇ ಕಿತ್ತು ಬಿಸಾಡಿದೆ ಮಾರಾಯ" ಎಂದು ನಿಟ್ಟುಸಿರು ಬಿಡುವರು. ಆ ದಿನ ಮಾವನಿಗೆ ಊಟವೇ ಬೇಡ!

ಒಮ್ಮೆ ತೆಂಗಿನಗುಂಡಿ ಬಂದರಿನಲ್ಲಿ ಅತ್ತೆ ಮುಚ್ಚಿದ ಗಾಜಿನೊಳಗಿಂದಲೇ ಮೀನು ವ್ಯಾಪಾರ ಮಾಡಿದಳು. ಐದು ಬಂಗಡೆ ಸಾಕೆಂದು ಐದು ಬೆರಳು ತೋರಿಸಿದಳು. ಮೀನಿನವಳು ಐದು ಪಾಲು ಎಂದು ತಿಳಿದು ಬುಟ್ಟಿಯನ್ನೇ ಡಿಕ್ಕಿಗೆ ಸುರಿದಳು. ನಮ್ಮ ಕೇರಿಗೆಲ್ಲ ಬಂಗಡೆ ಹಂಚಿದ್ದಾಯಿತು. "ಒಂದ್ಸಲ ಇಳಿಸಿ, ಸಮುದ್ರದ ಗಾಳಿಯಾದ್ರೂ ಬರ್ಲಿ" ಎಂದು ಅತ್ತೆ ಅವತ್ತೂ ಕೇಳಿದ್ದಳು. "ಇಳಿಸುವ, ಇಳಿಸುವ" ಎಂದಿದ್ದರು ಮಾವ.

ಅತ್ತೆಗೆ ಉಬ್ಬಸ ಹೆಚ್ಚಾದ ದಿನ ಹೊನ್ನಾವರದ ಆಸ್ಪತ್ರೆಗೆ ಹೊರಟೆವು. ನಾನು ಹಿಂದೆ ಕೂತು ಅವಳ ಭುಜ ಹಿಡಿದಿದ್ದೆ. ಉಸಿರಿಗೆ ಒದ್ದಾಡುತ್ತ ಅವಳು ಗಾಜಿಗೆ ಹಣೆ ಒತ್ತಿದಳು. ಮಾವ ಗಕ್ಕನೆ ಕಾರು ನಿಲ್ಲಿಸಿ, ಅವಳ ಕಡೆ ಓಡಿಬಂದು ಬಾಗಿಲು ತೆಗೆದು ಗಾಜು ಇಳಿಸುವ ಹಿಡಿಕೆಗೆ ಕೈ ಹಾಕಿದರು.

ಅತ್ತೆ ಆ ಕೈ ಹಿಡಿದಳು. "ಬೇಡ... ಹರೀತದೆ."

ನಾನು ಮಾವ ಅತ್ತದ್ದನ್ನು ಕಂಡದ್ದು ಆಗಲೇ. ಹಿಡಿಕೆ ಗರಗರ ತಿರುಗಿಸಿದರು. ಕಾಗದ ಮುದುಡಿ, ಚೂರಾಗಿ ಬಾಗಿಲಿನೊಳಗೆ ಹೋಯಿತು. ಕಾರು ಮತ್ತೆ ಹೊರಟಾಗ ಗಾಳಿ ಅವಳ ಮುಖಕ್ಕೇ ಬಡಿಯಿತು. ಆ ಗಾಳಿ ಅವಳಿಗೆ ಎಷ್ಟೊಂದು ದಿನ ಸಿಗಬಹುದಿತ್ತು!

ಅತ್ತೆ ಕಣ್ಣು ಮುಚ್ಚಿಕೊಂಡು ಹೇಳಿದಳು, "ಎಂತಕ್ಕೆ ಅಷ್ಟು ಬೇಗ? ಸ್ವಲ್ಪ ನಿಧಾನ ಹೋಗುವ."

ಅವಳ ಆ ಮಾತನ್ನಾದರೂ ನಡೆಸಿಕೊಡಬೇಕೆಂದು ಮಾವನಿಗೆ ಎಷ್ಟು ಆಸೆಯಿತ್ತೋ! ಆದರೆ ಅವತ್ತು ನಿಧಾನ ಹೋಗುವ ಹಾಗಿರಲಿಲ್ಲ.